ಬೆರಳು ಸರಿಯಾಗಿದೆ ಡಾಕ್ಟ್ರೇ

ನಮ್ಮ ಯಜಮಾನರಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಬೀದಿಯವರು ಹೇಳುತ್ತಾರೆ. ಶುದ್ಧ ಸುಳ್ಳು. ಕೋಪ ಇರುವುದು ನನಗೆ, ಅವರಿಗಿರುವುದು ಹಟ. ಬೀಗ ರಿಪೇರಿಯವನಿಗೆ ಹಟ ಇರಲೇಬೇಕು, ಇಲ್ಲದಿದ್ದರೆ ಒಂದು ತಂತಿ ಹಿಡಿದು ಯಾರದೋ ಬಾಗಿಲ ಮುಂದೆ ಅಷ್ಟು ಹೊತ್ತು ಮಂಡಿಯೂರಿ ಕೂರಲು ಯಾರಿಂದಾಗುತ್ತದೆ? ಬೀದಿಗೆಲ್ಲ ಅವರು ಬೀಗದಣ್ಣ. ಕೀಲಿ ಕಳೆದುಕೊಂಡವರು, ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು, ಗಂಡನ ಮೇಲಿನ ಸಿಟ್ಟಿಗೆ ಕೀಲಿ ಬಿಸಾಡಿ ಆಮೇಲೆ ಅತ್ತವರು, ಎಲ್ಲರೂ ಇವರ ಅಂಗಡಿಗೇ ಓಡಿ ಬರುತ್ತಿದ್ದರು. ಇವರು ತಂತಿಯನ್ನು ಬೀಗದೊಳಗೆ ಬಿಟ್ಟು ಕಣ್ಣು ಮುಚ್ಚುವರು. ಒಳಗಿನ ಸಣ್ಣ ಸಣ್ಣ ಕಡ್ಡಿಗಳು ಮೇಲೇಳುವುದು ಬೆರಳಿಗೆ ತಿಳಿಯುತ್ತದಂತೆ. ಕಣ್ಣಲ್ಲಿ ನೋಡಿ ತೆಗೆಯುವವನು ಕಳ್ಳ, ಬೆರಳಲ್ಲಿ ತೆಗೆಯುವವನು ಕಸುಬುದಾರ ಅಂತ ತಮಾಷೆ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಬೆನ್ನಲ್ಲಿ ಟಕ್ ಅಂದಿತು. ಉಳುಕಿರಬೇಕು ಅಂತ ನಾನು ಎಣ್ಣೆ ತಿಕ್ಕಿದೆ. ಉಳುಕಲ್ಲ, ಬೆನ್ನುಮೂಳೆಯೇ ಕುಸಿದಿತ್ತು. ರಕ್ತ, ಮೂತ್ರ, ಮಜ್ಜೆ ಎಲ್ಲ ಪರೀಕ್ಷೆ ಮಾಡಿ ಮೈಲೋಮ ಅಂದರು, ಮಜ್ಜೆಯ ಕ್ಯಾನ್ಸರ್. ಗಟ್ಟಿಮುಟ್ಟಾದವರಿಗೆ ಮಜ್ಜೆಯ ಕಸಿ ಮಾಡುತ್ತಾರಂತೆ. ಇವರ ಹೃದಯ, ಕಿಡ್ನಿ ಎರಡೂ ಅದನ್ನು ತಾಳುವುದಿಲ್ಲ ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಉಳಿದದ್ದು ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್, ಜೊತೆಗೆ ಮಾತ್ರೆ. ವಾಸಿಯಾಗುವುದಿಲ್ಲ, ಹಿಡಿದಿಡಬಹುದು, ಔಷಧಿ ನಾಟುತ್ತಿರುವಷ್ಟು ದಿನ ಕೊಡುತ್ತಾ ಹೋಗುವುದು ಅಂದರು. ನಾಟದೆ ಹೋದ ದಿನ ಏನು ಅಂತ ನಾವಿಬ್ಬರೂ ಕೇಳಲಿಲ್ಲ.

ಸ್ಟೀರಾಯ್ಡ್ ಮಾತ್ರೆ ನುಂಗಿದ ದಿನ ಈ ಮನುಷ್ಯ ಮನೆಯ ಚಿಲಕಕ್ಕೆಲ್ಲ ಎಣ್ಣೆ ಬಿಡುತ್ತಾ, ನನ್ನ ಸಾರಿಗೆ ಹೆಸರಿಡುತ್ತಾ, ಬುಗುರಿಯ ಹಾಗೆ ಸುತ್ತುತ್ತಿದ್ದರು. ಅದು ಇಳಿದ ಮೇಲೆ ಮಂಚದಿಂದ ಏಳುತ್ತಿರಲಿಲ್ಲ. ಇದಕ್ಕೂ ಒಗ್ಗಿಕೊಂಡೆವು. ಆಮೇಲೆ ಅಂಗಿಯ ಗುಂಡಿ ಹಾಕಲು ತಡವಾಗತೊಡಗಿತು. ಗುಂಡಿಯ ತೂತೇ ಸಣ್ಣದು ಅಂತ ದರ್ಜಿಯನ್ನು ಬೈದರು. ಅಷ್ಟು ಹಳೆಯ ಅಂಗಿಯ ತೂತು ಈಗ ಸಣ್ಣದಾಯಿತೇ? ನಾನು ನಿಶ್ಶಕ್ತಿ ಅಂದುಕೊಂಡೆ. ಆಸ್ಪತ್ರೆಗೆ ಹೋದ ಪ್ರತಿ ಸಲವೂ ಡಾಕ್ಟರಮ್ಮ ಬೆರಳು ಜೋಮು ಹಿಡಿಯುತ್ತಾ, ಪಾದ ಉರಿಯುತ್ತಾ ಅಂತ ಕೇಳುವರು. ಪ್ರಶ್ನೆ ಮುಗಿಯುವ ಮೊದಲೇ ಇವರ ಉತ್ತರ ಬರುತ್ತಿತ್ತು, "ಬೆರಳು ಸರಿಯಾಗಿದೆ ಡಾಕ್ಟ್ರೇ."

ಹಾಗಿರುವಾಗ ಹಿಂದಿನ ಬೀದಿಯ ಹೆಂಗಸೊಬ್ಬಳು ಎದೆ ಬಡಿದುಕೊಂಡು ಅಂಗಡಿಗೆ ಬಂದಳು. ಮಗು ಕೋಣೆಯೊಳಗೆ ಹೋಗಿ ಬಾಗಿಲು ದೂಡಿದ್ದಕ್ಕೆ ಬೀಗ ಬಿದ್ದುಬಿಟ್ಟಿದೆ, ಒಳಗೆ ಇಸ್ತ್ರಿಪೆಟ್ಟಿಗೆ ಕಾದಿದೆ. ಇವರು ಎರಡೇ ನಿಮಿಷ ಅಂತ ಹೊರಟರು. ಭಾರ ಎತ್ತಬಾರದು ಅಂದಿದ್ದರಿಂದ ಸಲಕರಣೆಯ ಚೀಲ ಹೊರುವವಳು ನಾನು, ಜೊತೆಗೇ ಹೋದೆ. ಮಂಡಿಯೂರಿ ತಂತಿ ಬಿಟ್ಟರು. ಆದರೆ ಕಣ್ಣು ಮುಚ್ಚಲಿಲ್ಲ. ಬೀಗದ ತೂತಿಗೆ ಕಣ್ಣಿಟ್ಟು ಇಣುಕಿದರು, ಮತ್ತೆ ತಿರುಗಿಸಿದರು, ಮತ್ತೆ ಇಣುಕಿದರು. ತಂತಿ ಬೆರಳಿಗೆ ಚುಚ್ಚಿ ರಕ್ತ ಬಾಗಿಲ ಮೇಲೆ ಇಳಿಯುತ್ತಿತ್ತು, ಅವರಿಗೆ ಗೊತ್ತೇ ಇಲ್ಲ. ಒಳಗೆ ಮಗು ಕಿಟಾರನೆ ಕಿರುಚಿತು. ಕೊನೆಗೆ ಅದರ ಅಪ್ಪ ಇವರನ್ನು ಪಕ್ಕಕ್ಕೆ ಸರಿಸಿ ಬಾಗಿಲನ್ನು ಒದ್ದು ಮುರಿದ. ಮಗುವಿನ ಅಂಗೈ ಸುಟ್ಟಿತ್ತು. ಆಗಲ್ಲ ಅಂತ ಮೊದಲೇ ಹೇಳಬಾರದಿತ್ತಾ ಬೀಗದಣ್ಣ ಅಂತ ಆ ತಾಯಿ ಕೇಳಿದಳು. ಬೈದಿದ್ದರೂ ಚೆನ್ನಾಗಿತ್ತು.

ಮನೆಗೆ ಬಂದು ಬಾಯಿ ಬಿಟ್ಟರು. ಎಷ್ಟೋ ತಿಂಗಳಿಂದ ಬೆರಳ ತುದಿಯಲ್ಲಿ ಏನೂ ತಿಳಿಯುತ್ತಿಲ್ಲವಂತೆ.

"ಇಂಜೆಕ್ಷನ್‌ಗೆ ನಮ್ಮ ಪಕ್ಕ ಕೂರ್ತಿದ್ನಲ್ಲ, ಟೋಪಿಯವನು, ಅವನು ಜೋಮು ಅಂತ ಹೇಳಿದ. ಇಂಜೆಕ್ಷನ್ನಿಂದ್ಲೇ ನರ ಕೆಡ್ತಿದೆ ಅಂತ ನಿಲ್ಲಿಸಿಬಿಟ್ರು. ಆಮೇಲೆ ಅವನು ಬರಲೇ ಇಲ್ಲ. ನಂಗೆ ಕಸೀನೂ ಇಲ್ಲ, ಇರೋದು ಇದೊಂದೇ ಕಣೇ. ಬೆರಳು ಹೋದ್ರೆ ಹೋಗ್ಲಿ, ಜೀವ ಉಳೀಲಿ ಅಂತ ಸುಮ್ಮನಿದ್ದೆ."

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಇವರಿಗೆ ಗೊತ್ತಿಲ್ಲವೇ? ಬಾಯಿಗೆ ಬಂದ ಹಾಗೆ ಬೈದೆ, ಬೈದು ಅತ್ತೆ. ಡಾಕ್ಟರಿಗೆ ಹೇಳುವುದಿಲ್ಲ ಅಂತ ಆಣೆ ಮಾಡು ಅಂದರು. ಮಾಡಲಿಲ್ಲ.

ಮುಂದಿನ ಸಲ ಇವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಡಾಕ್ಟರಮ್ಮ ಇವರಿಗೆ ಕಣ್ಣು ಮುಚ್ಚಲು ಹೇಳಿ, ಬೆರಳ ನಡುವೆ ಏನೋ ಇಟ್ಟು, ಇದೇನು ಅಂದರು. ಇವರು ಬಹಳ ಹೊತ್ತು ಹೊಸಕಿ ಕೀಲಿ ಅಂದರು. ಅದು ಪೆನ್ನಿನ ಮುಚ್ಚಳ.

"ಶುರುವಾದಾಗಲೇ ಹೇಳಿದ್ರೆ ಡೋಸ್ ಇಳಿಸಿ ಇದನ್ನೇ ಕೊಡ್ತಿದ್ದೆ," ಅಂದರು ಡಾಕ್ಟರಮ್ಮ. "ಬೆರಳೂ ಉಳೀತಿತ್ತು, ಔಷಧೀನೂ ಉಳೀತಿತ್ತು. ಈಗ ನಿಲ್ಲಿಸಲೇಬೇಕು."

ಬೇರೆ ಔಷಧಿ ಇದೆಯಂತೆ. ನಾಟಬಹುದು, ನಾಟದೆಯೂ ಇರಬಹುದು. ಬೆರಳು ಸರಿಹೋಗುತ್ತಾ ಅಂದರೆ ಅದಕ್ಕೂ ಅಡ್ಡಗೋಡೆಯ ಮೇಲೆ ದೀಪ. ಕೈಯೂ ಹೋಗಲಿ ಕಾಲೂ ಹೋಗಲಿ, ಇದನ್ನು ಮಾತ್ರ ನಿಲ್ಲಿಸಬೇಡಿ ಅಂತ ಇವರು ಗೋಗರೆದರು. ಜೀವಮಾನದಲ್ಲಿ ಯಾರ ಮುಂದೆಯೂ ಹಲ್ಲು ಗಿಂಜದ ಮನುಷ್ಯ. ಡಾಕ್ಟರಮ್ಮ ಕಂಪ್ಯೂಟರಿನ ಕಡೆ ತಿರುಗಿ ಏನನ್ನೋ ಬರೆಯತೊಡಗಿದರು.

ಬಸ್ಸಿನಲ್ಲಿ ಮುಖ ಗಂಟಿಕ್ಕಿಕೊಂಡು ಇವರ ಪಕ್ಕ ಕೂತೆ. ಇವರ ಮೇಲೆ ಕೋಪ, ಡಾಕ್ಟರ ಮೇಲೆ ಕೋಪ, ಆ ಟೋಪಿಯವನ ಮೇಲೂ ಕೋಪ. ಈ ಮುಂಡೇದು ಸತ್ತುಹೋಗುತ್ತೆ, ನಾನು ಏನು ಮಾಡಲಿ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಇವರು ಕಿಟಕಿಯಾಚೆ ನೋಡುತ್ತಿದ್ದರು. ಮುಖ ತಿರುಗಿಸದೆ ಮೆಲ್ಲಗೆ ಹೇಳಿದರು.

"ಕೋಪ ಸಾಕು ಕಣೇ. ಭಯ ಆಗ್ತಿದೆ. ಸ್ವಲ್ಪ ಕೈ ಹಿಡ್ಕೋ."

ಮುಂಗೈಯಲ್ಲಿ ರಕ್ತ ತೆಗೆದ ಕಡೆ ಪಟ್ಟಿ ಹಚ್ಚಿದ್ದರಿಂದ ನಾನು ಅವರ ಬೆರಳುಗಳನ್ನಷ್ಟೇ ಹಿಡಿದುಕೊಂಡಿದ್ದೆ, ಬಸ್ಸು ಹತ್ತಿದಾಗಿನಿಂದ.

"ಹೂಂ ರೀ," ಅಂದೆ. "ಹಿಡ್ಕೊಂಡೆ."