ಕೊನೆಯ ಎಲೆಯಿಂದ ಬಡಿಸಿದವರು

ಅಂತರರಾಷ್ಟ್ರೀಯ ಸಂಬಂಧಗಳೆಂಬ ವಿಷಯವನ್ನು ತುಂಗಭದ್ರೆಯ ಈ ದಂಡೆಯಲ್ಲಿ ಕಲಿಸಿದವರು ಹಲವರುಂಟು. ಆದರೆ ಆ ವಿಷಯಕ್ಕೆ ಇಲ್ಲಿನ ನೀರಿನ, ಇಲ್ಲಿನ ಮಣ್ಣಿನ ವಾಸನೆ ಬರುವಂತೆ ಕಲಿಸಿದವರನ್ನು ಹುಡುಕುತ್ತ ಹೊರಟರೆ ಪ್ರೊಫೆಸರ್ ರೇಣುಕಾದೇವಿಯವರ ಹೆಸರಿನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ. ಆಡಳಿತ, ರಾಜತಾಂತ್ರಿಕತೆ, ಸುಸ್ಥಿರ ಅಭಿವೃದ್ಧಿ ಎಂಬ ಭಾರವಾದ ಮಾತುಗಳನ್ನು ಅವರು ಮೂರು ದಶಕಗಳ ಕಾಲ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುವ ತಾಯಿಯ ಹಾಗೆ, ಅಲುಗದಂತೆ ಹೊತ್ತು ತಿರುಗಿದರು. ಬಡ ದೇಶಗಳ ಕಷ್ಟವನ್ನು ಕುರಿತ ಅವರ ಲೇಖನಗಳನ್ನು ದೂರದೂರದ ವಿಶ್ವವಿದ್ಯಾಲಯಗಳವರು ಓದಿದ್ದಾರೆ. ಆದರೆ ಆ ಲೇಖನಗಳ ಬೇರು ಎಲ್ಲಿದೆಯೆಂಬುದನ್ನು ಬಲ್ಲವರು ಹೊಸಪೇಟೆ ಕಂಪ್ಲಿಗಳ ನಡುವೆಯೇ ಇದ್ದಾರೆ.

ಸಂಡೂರು ತಾಲ್ಲೂಕಿನ ವಡ್ಡು ಅವರ ಹುಟ್ಟೂರು. ತಂದೆ ಕಾಳಪ್ಪನವರು ಒಂದು ಹೊತ್ತು ಹೊಲಕ್ಕೆ, ಒಂದು ಹೊತ್ತು ಗಣಿ ಕೆಲಸಕ್ಕೆ ಹೋಗುತ್ತಿದ್ದವರು. ತಾಯಿ ಊರಮ್ಮನವರು ಒಗೆದು ಹರವಿದ ಬಿಳಿ ಪಂಚೆ ಸಂಜೆಗೆ ತೆಗೆಯುವಾಗ ಗಣಿಯ ಧೂಳಿಗೆ ಕಾವಿ ಬಣ್ಣಕ್ಕೆ ತಿರುಗಿರುತ್ತಿತ್ತು. ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುವುದನ್ನು ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದ ಹುಡುಗಿಗೆ ಒಂದು ಕನಸಿತ್ತು: ಲಾರಿಯಲ್ಲಿ ಹೋದ ಗುಡ್ಡ ಎಲ್ಲೋ ದೂರದಲ್ಲಿ, ಸಮುದ್ರದಾಚೆ, ಮತ್ತೆ ಗುಡ್ಡವಾಗಿಯೇ ಎದ್ದು ನಿಲ್ಲುತ್ತದೆ, ಅದರ ನೆತ್ತಿಗೆ ಇದೇ ಮೋಡ ಬಂದು ಕೂರುತ್ತದೆ, ಅದರ ಬುಡದಲ್ಲಿ ಇವಳಂಥವಳೇ ಒಬ್ಬ ಹುಡುಗಿ ಕುಳಿತಿರುತ್ತಾಳೆ. ಒಂದು ದಿನ ತಂದೆಯನ್ನು ಕೇಳಿಯೇಬಿಟ್ಟಳು.

"ಯಪ್ಪಾ, ನಮ್ಮ ಗುಡ್ಡ ಎಲ್ಲಿಗೆ ಹೋಗ್ತದ?"

"ಹಡಗು ಹತ್ತತದಂತವ್ವ."

"ವಾಪಸ್ ಯಾವಾಗ ಬರ್ತದ?"

"ಹುಚ್ಚಿ, ಹೋದ ಗುಡ್ಡ ವಾಪಸ್ ಬರ್ತದೇನ? ಬಂದ್ರ ತಗಡಾಗಿ ಬರ್ತದ. ಅದನ್ನ ನಾವು ರೊಕ್ಕ ಕೊಟ್ಟು ಕೊಳ್ಳಬೇಕು."

ಮುಂದೆ ಅಭಿವೃದ್ಧಿಶೀಲ ದೇಶಗಳ ವ್ಯಾಪಾರವನ್ನು ಕುರಿತು ಅವರು ಮಾಡಿದ ಪಾಠವೆಲ್ಲ ತಂದೆಯ ಆ ಮಾತಿನ ವಿಸ್ತಾರವೇ ಎಂದರೆ ತಪ್ಪಾಗದು.

ಅವರ ಸೇವೆ ಆರಂಭವಾದದ್ದು ಸಂಡೂರಿನಲ್ಲಿ. ಗಣಿಗಾರಿಕೆ ಭರಾಟೆಯಲ್ಲಿದ್ದ ಕಾಲವದು. ಬಂಡ್ರಿಯಿಂದ ಬರುತ್ತಿದ್ದ ತ್ರಿವೇಣಿ ಎಂಬ ವಿದ್ಯಾರ್ಥಿನಿ, ನಸುಕಿನಲ್ಲೆದ್ದು ತಾಯಿಯ ಜೊತೆ ಅದಿರು ಜಾಲಿಸಿ, ಕೈ ತೊಳೆದುಕೊಂಡು ಕಾಲೇಜಿಗೆ ಬಂದು, ಮೊದಲ ಪಾಠದಲ್ಲಿಯೇ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಎಬ್ಬಿಸಹೋದ ಗೆಳತಿಯರಿಗೆ ಮೇಡಂ ಸನ್ನೆಯಲ್ಲಿಯೇ ಬೇಡವೆಂದರು. ದನಿಯನ್ನು ತಗ್ಗಿಸಿ ಪಾಠ ಮುಂದುವರಿಸಿದರು. ಸಂಜೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಬಂಡ್ರಿ ಬಸ್ಸು ಬರುವತನಕ ಅದೇ ಪಾಠವನ್ನು ಅವಳೊಬ್ಬಳಿಗೆ ಮತ್ತೊಮ್ಮೆ ಹೇಳಿದರು. ಆ ವರ್ಷವೆಲ್ಲ ಹಾಗೆಯೇ ನಡೆಯಿತು. ತ್ರಿವೇಣಿ ಈಗ ಕಂಪ್ಲಿ ಕಡೆಯ ಒಂದು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಅವರ ವಿಷಯ ಮುಂದೆ ಬರುತ್ತದೆ.

ಹೊಸಪೇಟೆಯ ಕಾಲೇಜಿಗೆ ವರ್ಗವಾಗಿ ಬಂದ ಮೇಲೆ ರೇಣುಕಾದೇವಿಯವರ ಕನಸುಗಾರಿಕೆ ಪ್ರಸಿದ್ಧವಾಯಿತು. ಪಾಠದ ನಡುವೆ ಕಿಟಕಿಯಾಚೆಗಿನ ಬಂಡೆಗುಡ್ಡಗಳ ಕಡೆ ನೋಡುತ್ತ ಅವರು ತಟ್ಟನೆ ಮಾತು ನಿಲ್ಲಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಪಿಸುಮಾತು ಕೇಳುತ್ತಿತ್ತು.

"ಮೇಡಂ ಜಿನೀವಾಕ್ಕ ಹೋದ್ರಲೇ. ತಡಿ, ಈಗ ಬರ್ತಾರ."

"ಬಂದೆ ಬಂದೆ," ಎನ್ನುತ್ತಿದ್ದರು ಅವರು, ಕಿಟಕಿಯಿಂದ ಕಣ್ಣು ತೆಗೆಯದೆ. "ಕಂಪ್ಲಿ ಮ್ಯಾಲಿಂದ ಬಂದೆ, ಅದಕ್ಕ ತಡ ಆತು. ಅಲ್ಲೀನೂ ಇದ ಜಗಳ ನಡದದ ನೋಡ್ರಿ."

ಮಗುವಿಗೆ ಜ್ವರವೆಂದು ಬಾಗಿಲಲ್ಲಿ ತಡವರಿಸುತ್ತ ನಿಂತ ಸಹೋದ್ಯೋಗಿಯ ಕೈಯಿಂದ ಹಾಜರಿ ಪುಸ್ತಕವನ್ನು ತಾವೇ ಇಸಿದುಕೊಂಡು, "ಹೋಗ್ರಿ, ಮೊದಲು ಕೂಸಿನ ಹತ್ರ ಕುಂದ್ರಿ" ಎಂದು ಅಟ್ಟಿ, ಆ ತರಗತಿಗೆ ಹೋಗಿ ಪಾಠ ಮಾಡಿದ್ದು ಒಂದು ಸಲವಲ್ಲ. ಆ ಉಪಕಾರವನ್ನು ಮರುದಿನ ನೆನಪಿಸಿದರೆ ಅವರಿಗೆ ನೆನಪೇ ಇರುತ್ತಿರಲಿಲ್ಲ, ಕಿಟಕಿಯಾಚೆಗೆ ಹೋಗಿಬಿಟ್ಟಿರುತ್ತಿದ್ದರು.

ಕಂಪ್ಲಿಯ ಜಗಳ ಮಾತ್ರ ಕನಸಾಗಿರಲಿಲ್ಲ. ಅಲ್ಲಿನ ಒಂದು ಉಪಕಾಲುವೆಯ ತಲೆಯಲ್ಲಿ ಹಿರೇಗುಂಡಿ, ಕೊನೆಯಲ್ಲಿ ಚಿಕ್ಕಗುಂಡಿ. ಮೇಲಿನವರ ಭತ್ತದ ಗದ್ದೆ ತುಂಬಿ ಹೊರಚೆಲ್ಲುವಾಗ ಕೆಳಗಿನವರ ತೂಬಿನಲ್ಲಿ ಕಪ್ಪೆಯ ಕಾಲೂ ತೊಯ್ಯುತ್ತಿರಲಿಲ್ಲ. ಎರಡೂ ಊರಿನ ಹುಡುಗರು ಮೇಡಂ ತರಗತಿಯಲ್ಲಿಯೇ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡಾಗ ಅವರು, ಮುಂದಿನ ಪಾಠ ಕಾಲುವೆ ಏರಿಯ ಮೇಲೆ ಎಂದು ಘೋಷಿಸಿದರು. ಹೂಳು ತೆಗೆಯಲು ಕಾಲುವೆ ನಿಲ್ಲಿಸಿದ್ದ ದಿನಗಳವು. ವೈರಿ ದೇಶಗಳೂ ಮೊದಲು ಒಟ್ಟಿಗೆ ಉಂಡು ಆಮೇಲೆ ಮಾತಿಗೆ ಕೂರುತ್ತವೆಂದು ಪುಸ್ತಕದಲ್ಲಿ ಓದಿದ್ದ ಅವರು, ಕಮಲಾಪುರದ ತೋಟದಿಂದ ಬಾಳೆ ಎಲೆ ತರಿಸಿ, ಗೋಧಿ ಹುಗ್ಗಿ ಮಾಡಿಸಿ, ಎರಡೂ ಊರಿನವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ತಪ್ಪಾದದ್ದು ಅಲ್ಲಿಯೇ. ಏರಿಯುದ್ದಕ್ಕೂ ಹಾಸಿದ ಎಲೆಗಳ ಮುಂದೆ ಜನ ತಮತಮಗೆ ರೂಢಿಯಾದಂತೆ ಕುಳಿತರು: ಮೇಲಿನೂರಿನವರು ಮೇಲೆ, ಕೆಳಗಿನೂರಿನವರು ಕೆಳಗೆ. ಬಡಿಸುವವರು ರೂಢಿಯಂತೆ ಮೇಲಿನಿಂದ ಹೊರಟರು. ಕೊನೆಯ ಎಲೆಗಳಿಗೆ ಬರುವಷ್ಟರಲ್ಲಿ ಹುಗ್ಗಿಯ ಬಕೆಟ್ಟಿನಲ್ಲಿ ಸೌಟು ತಳ ಕೆರೆಯುವ ಸದ್ದು ಮಾತ್ರ ಉಳಿದಿತ್ತು. ಚಿಕ್ಕಗುಂಡಿಯ ಹುಸೇನಮ್ಮ, ಮಾತಿಗೆ ಎಂದೂ ಬಡತನವಿಲ್ಲದ ಹೆಂಗಸು, ತಮ್ಮ ಬರಿ ಎಲೆಯನ್ನು ಎತ್ತಿ ಬಿಸಿಲಿಗೆ ಹಿಡಿದರು.

"ಬರ್ರಿ ಮೇಡಮ್ಮಾರ, ನೋಡ್ರಿ, ಎಲಿ ಎಷ್ಟು ಚಂದ ಹೊಳೀತದ! ಕಾಲುವಿನೂ ಹಿಂಗ, ಪಂಕ್ತಿನೂ ಹಿಂಗ. ಇದನ್ನ ತೋರಿಸಾಕ ಕರದ್ರೇನ್ರಿ ಇಷ್ಟು ದೂರ?"

ಮೇಲಿನ ತುದಿಯಲ್ಲಿ ಕೈ ತೊಳೆಯುತ್ತಿದ್ದ ಹಿರೇಗುಂಡಿಯ ದೊಡ್ಡ ರೈತ ಉಚ್ಚೆಂಗೆಪ್ಪನವರು ಅಲ್ಲಿಂದಲೇ ಉತ್ತರಿಸಿದರು.

"ಮುಂದ ಕುಂತೋರ ತಪ್ಪೇನಬೇ ಅದರಾಗ? ಅವರು ಬಡಿಸಿದ್ರು, ನಾವು ಉಂಡ್ವಿ. ನಿನ್ನ ಎಲಿಗೆ ನಾವೇನು ಕೈ ಹಾಕೀವೇನು?"

ಮಾತುಕತೆ ಆರಂಭವಾಗುವ ಮೊದಲೇ ಮುಗಿದುಹೋಯಿತು. ರೇಣುಕಾದೇವಿಯವರು ಒಣ ಕಾಲುವೆಯ ಏರಿ ಹಿಡಿದು ಕಂಪ್ಲಿಯತ್ತ ಒಬ್ಬರೇ ನಡೆದರು. ಉಚ್ಚೆಂಗೆಪ್ಪನವರ ಮಾತು ಕಿವಿಯಲ್ಲಿ ಉಳಿದಿತ್ತು. ಅದೇ ಮಾತನ್ನು ಅವರು ಎಷ್ಟೋ ಅಂತರರಾಷ್ಟ್ರೀಯ ಸಭೆಗಳ ವರದಿಗಳಲ್ಲಿ, ಸಿರಿವಂತ ದೇಶಗಳ ಬಾಯಲ್ಲಿ, ಬಲು ನಯವಾದ ಇಂಗ್ಲಿಷಿನಲ್ಲಿ ಓದಿದ್ದರು. ಕಾಲುವೆ ಅವರ ಕಣ್ಣೆದುರು ನಕಾಶೆಯಾಗಿ ಉದ್ದಕ್ಕೂ ಬಿಚ್ಚಿಕೊಂಡಿತು. ಅದರ ತಲೆಯಲ್ಲಿ ದೀಪ ಹೊತ್ತಿದ ಶಹರಗಳು, ಕೊನೆಯಲ್ಲಿ ಬರಿ ಎಲೆ ಹಿಡಿದು ಕುಳಿತ ದೇಶಗಳು. ನಡುವೆ ಬಕೆಟ್ಟು ಹಿಡಿದ ತಾವು.

ಮುಂದಿನ ವಾರ ಮತ್ತೆ ಕರೆದರು. ಹುಸೇನಮ್ಮನವರನ್ನು ಒಪ್ಪಿಸಲು ಮನೆಗೇ ಹೋಗಿ ಕೂರಬೇಕಾಯಿತು. ಅದೇ ಏರಿ, ಅಷ್ಟೇ ಹುಗ್ಗಿ, ಅವರವರ ಜಾಗದಲ್ಲಿ ಅವರವರು. ಒಂದೇ ಒಂದು ಬದಲಾವಣೆ: ಬಕೆಟ್ಟು ಹಿಡಿದವರು ಮೇಲಿನವರನ್ನು ದಾಟಿ, ಉದ್ದಕ್ಕೂ ನಡೆದುಹೋಗಿ, ಕೊನೆಯ ಎಲೆಯಿಂದ ಬಡಿಸುತ್ತ ಬಂದರು. ಹಿಂದಿನ ವಾರ ಬರಿ ಎಲೆಯ ಮುಂದೆ ಕುಳಿತು ಎದ್ದಿದ್ದ ಜನಕ್ಕೆ ಸೌಟು ಎಷ್ಟು ಬಾಗಬೇಕೆಂಬುದು ಗೊತ್ತಿತ್ತು. "ಸಾಕು, ಮುಂದ ನಡಿ, ಇನ್ನೂ ಮಂದಿ ಅದಾರ" ಎಂಬ ಮಾತು ಎಲೆಯಿಂದ ಎಲೆಗೆ ದಾಟುತ್ತ ಬಂತು. ಉಚ್ಚೆಂಗೆಪ್ಪನವರು ಬಕೆಟ್ಟನ್ನು ದೂರದಿಂದಲೇ ನೋಡುತ್ತ, ಕತ್ತು ಉದ್ದ ಮಾಡಿ ಕಾದರು. ಹುಗ್ಗಿ ಅವರ ಎಲೆಗೂ ಬಂತು. ಸ್ವಲ್ಪವೇ ಬಂತು, ಆದರೆ ಬಂತು. ಅವರು ಬೆರಳು ನೆಕ್ಕಿಕೊಂಡು ನಕ್ಕರು.

"ಮೇಡಮ್ಮಾರ, ನೀವು ಹುಗ್ಗಿ ಬಡಿಸ್ಲಿಲ್ಲ ಬಿಡ್ರಿ. ನಮ್ಮ ತೂಬಿಗೆ ಬೀಗ ಹಾಕಿದ್ರಿ."

ಅಂದು ಸಂಜೆ ಒಪ್ಪಂದವಾಯಿತು: ನೀರು ಬಿಟ್ಟಾಗ ಕೊನೆಯ ತೂಬು ಮೊದಲು ತೆರೆಯಬೇಕು, ಅಲ್ಲಿಂದ ಸರದಿ ಮೇಲೇರಬೇಕು. ಕಾಗದದ ಮೇಲೆ ಬರೆಯಲಿಲ್ಲ. ಪ್ರತಿವರ್ಷ ಹೂಳು ತೆಗೆದ ಮೇಲೆ ಏರಿಯ ಮೇಲೆ ಊಟ, ಕೊನೆಯ ಎಲೆಯಿಂದ ಬಡಿಸುವುದು, ಉಂಡವರು ಸರದಿಗೆ ಒಪ್ಪಿದಂತೆ. ಇಷ್ಟೇ ಅದರ ಶಾಸನ.

ಕೆಲವು ವರ್ಷಗಳ ಹಿಂದೆ ಹಂಪಿ ನೋಡಲು ಬಂದ ವಿದೇಶೀ ಅಧಿಕಾರಿಗಳ ತಂಡವೊಂದು ಈ ಊಟಕ್ಕೂ ಬಂದಿತ್ತು. ಅವರಲ್ಲಿ ಆಫ್ರಿಕಾದ ಒಂದೇ ನದಿಯ ಮೇಲಿನ ದೇಶದವರೊಬ್ಬರು, ಕೆಳಗಿನ ದೇಶದವರೊಬ್ಬರು ಇದ್ದರು. ಬಸ್ಸಿನಲ್ಲಿ ದೂರ ದೂರ ಕುಳಿತು ಬಂದವರು ಏರಿಯ ಮೇಲೆ ಅಕ್ಕಪಕ್ಕ ಕುಳಿತು ಉಂಡರು. ಅವರ ನದಿಯ ವಿಷಯ ಮುಂದೇನಾಯಿತೋ ತಿಳಿಯದು, ಸುದ್ದಿ ಬರಲಿಲ್ಲ. ಆದರೆ ಎಂದಾದರೊಂದು ದಿನ ಆ ಕಾಣದ ನದಿಯ ದಂಡೆಯಲ್ಲಿಯೂ ಯಾರೋ ಒಬ್ಬರು ಪಾತ್ರೆ ಹಿಡಿದು ಪಂಕ್ತಿಯ ಕೊನೆಗೆ ನಡೆಯುತ್ತಿರುತ್ತಾರೆಂದು ರೇಣುಕಾದೇವಿಯವರು ಇಂದಿಗೂ ಕನಸು ಕಾಣುತ್ತಾರೆ.

ನಿವೃತ್ತಿ ಸಮೀಪಿಸಿದಾಗ ಅವರನ್ನು ಒಂದು ಅಳುಕು ಹಿಡಿಯಿತು. ಒಬ್ಬರ ಮುಖ ನೋಡಿ ನಡೆಯುವುದು ದಾಕ್ಷಿಣ್ಯ, ಯಾರಿಲ್ಲದಿದ್ದರೂ ನಡೆಯುವುದು ಆಡಳಿತ ಎಂದು ಜೀವನವಿಡೀ ಪಾಠ ಹೇಳಿದವರು ಅವರು. ಏರಿಯ ಮೇಲಿನ ಊಟಕ್ಕೆ ಒಂದು ವರ್ಷವೂ ತಪ್ಪಿಸಿದವರಲ್ಲ. ಪ್ರತಿ ವರ್ಷ ಪಂಕ್ತಿಯ ಪಕ್ಕ ನಿಂತು ಬಕೆಟ್ಟಿಗೆ ದಾರಿ ತೋರಿಸಿದ್ದು ಅವರ ಕೈಯೇ. ಹಾಗಾದರೆ ಇದು ಯಾವುದು, ದಾಕ್ಷಿಣ್ಯವೋ ಆಡಳಿತವೋ? ಆ ವರ್ಷ ಜಲಾಶಯದಲ್ಲಿ ನೀರೂ ಕಡಿಮೆ ಇತ್ತು. ಬರೆಯದ ಮಾತಿಗೆ ಬೆಲೆ ಏನೆಂದು ಹಿರೇಗುಂಡಿಯ ಹೊಸ ತಲೆಮಾರಿನವರು ಗೊಣಗುತ್ತಿರುವುದಾಗಿ ಕೇಳಿಬಂದಿತ್ತು. ಪಂಚಾಯಿತಿಯ ಪರವಾಗಿ ಊಟಕ್ಕೆ ಕರೆಯಲು ಬಂದ ತ್ರಿವೇಣಿಯವರಿಗೆ ಅವರು, "ನಾನು ತಡವಾಗಿ ಬರ್ತೀನಿ. ನನ್ನ ಸಲುವಾಗಿ ನಿಲ್ಲಿಸಬ್ಯಾಡ್ರಿ. ಹೆಂಗ ಬಡಿಸಬೇಕು ಅಂತ ನೀನೂ ಬಾಯಿ ಬಿಡಬ್ಯಾಡ" ಎಂದರು.

"ಕೆಟ್ಟುಹೋದ್ರ ಮೇಡಂ?"

"ಕೆಟ್ಟುಹೋಗೋದಿದ್ರ ನನ್ನ ಕಣ್ಣ ಮುಂದ ಕೆಡ್ಲಿ. ಪಾಠ ತಪ್ಪಾಗಿತ್ತು ಅಂತ ತಿಳ್ಕೊಂಡು ಮನಿಗೆ ಹೋಗ್ತೀನಿ."

ಆ ದಿನ ಬೆಳಿಗ್ಗೆ ಅವರು ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಸುಮ್ಮನೆ ಕುಳಿತಿದ್ದರು. ಸಾಲುಸಾಲು ಮಂಟಪಗಳು ಬಿಸಿಲಲ್ಲಿ ಪಂಕ್ತಿಗೆ ಕುಳಿತಂತೆ ಕಂಡವು. ಒಂದು ಕಾಲಕ್ಕೆ ದೇಶದೇಶದವರು ವ್ಯಾಪಾರ ಮಾಡಿದ ಬೀದಿ. ಎಷ್ಟೋ ಮಾತು ಕೊಟ್ಟವರು, ಮಾತು ಪಡೆದವರು ಇಲ್ಲಿಯೇ ನಡೆದಾಡಿರಬೇಕು. ಕಲ್ಲು ಉಳಿದಿದೆ, ಮಾತು ಎಲ್ಲಿ ಹೋಯಿತೆಂದು ಯೋಚಿಸುತ್ತ ಅವರು ಕಂಪ್ಲಿಯ ಒಂದು ಬಸ್ಸನ್ನು ಬೇಕೆಂದೇ ಬಿಟ್ಟು, ಮುಂದಿನದನ್ನು ಹತ್ತಿದರು.

ಏರಿಗೆ ಬರುವಷ್ಟರಲ್ಲಿ ಪಂಕ್ತಿ ಕುಳಿತಾಗಿತ್ತು. ಮೇಡಂ ನಿವೃತ್ತಿಯಾಗುತ್ತಾರೆಂದು ತಿಳಿದು ಎಂದೂ ಬರದಷ್ಟು ಜನ ಬಂದಿದ್ದರು. ಎಲೆಗಳ ಸಾಲು ಜಾಲಿಮರದಾಚೆಗೂ ಹೋಗಿತ್ತು. ತಲೆಯಲ್ಲಿ, ಉಚ್ಚೆಂಗೆಪ್ಪನವರ ಪಕ್ಕ, ಮೊದಲ ಎಲೆ ಅವರಿಗಾಗಿ ಕಾದಿತ್ತು. ಅವರು ಕುಳಿತರು. ಹುಗ್ಗಿಯ ಬಕೆಟ್ಟು ಹಿಡಿದು ಬಂದವನು ಮಾರುತೇಶ್, ಉಚ್ಚೆಂಗೆಪ್ಪನವರ ತಮ್ಮನ ಮಗ, ಗೊಣಗುವವರಲ್ಲಿ ಮೊದಲಿಗನೆಂದು ಹೆಸರಾದವನು. ಅವನು ಮೇಡಂ ಎಲೆಯ ಮುಂದೆ ಬಂದು ನಿಂತ. ಸೌಟು ಕೈಯಲ್ಲಿತ್ತು. ಸನ್ಮಾನದ ದಿನ, ಮೊದಲ ಸೌಟು ಅವರಿಗೆ ಹಾಕಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರೇಣುಕಾದೇವಿಯವರು ತಲೆ ಎತ್ತಲಿಲ್ಲ. ತಮ್ಮ ಎಲೆಯ ಹಸಿರು ನರವನ್ನೇ ನೋಡುತ್ತ ಕುಳಿತರು. ತ್ರಿವೇಣಿಯವರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

"ಮೇಡಂ, ಕಾಲು ಒಳಗ ತಗೋರಿ ಸ್ವಲ್ಪ," ಎಂದ ಮಾರುತೇಶ್. "ದಾಟಬೇಕು. ಆ ಕಡಿಯಿಂದ ಬರಬೇಕಲ್ರಿ."

ಅವನು ಅವರನ್ನು ದಾಟಿ, ದೊಡ್ಡಪ್ಪನನ್ನು ದಾಟಿ, ಏರಿಯುದ್ದಕ್ಕೂ ನಡೆಯುತ್ತ ಚಿಕ್ಕವನಾಗುತ್ತ ಹೋಗಿ, ಜಾಲಿಮರದಾಚೆ ಬಾಗಿದ್ದು ಕಾಣಿಸಿತು.

ಜನ ಹೆಚ್ಚಾಗಿದ್ದರು. ಬಕೆಟ್ಟು ತುಂಬಿ ತುಂಬಿ ಬಂದರೂ ಪಂಕ್ತಿಯ ತಲೆಗೆ ಮುಟ್ಟುವ ಮೊದಲೇ ಹುಗ್ಗಿ ಮುಗಿದುಹೋಯಿತು. ಉಚ್ಚೆಂಗೆಪ್ಪನವರು ತಮ್ಮ ಬರಿ ಎಲೆಯನ್ನೂ ಪಕ್ಕದ ಬರಿ ಎಲೆಯನ್ನೂ ನೋಡಿ, "ಏನ್ ಮಾಡ್ತೀರಿ, ಇವತ್ತು ನಾನೂ ನೀವೂ ಒಂದ ತೂಬಿನೋರಾದ್ವಿ. ನೀವ ಕಲಿಸಿದ್ದು, ಉಣ್ರಿ!" ಎಂದು ಕೆಮ್ಮು ಬರುವಷ್ಟು ನಕ್ಕರು.

ಅಷ್ಟರಲ್ಲಿ ದೂರದ ಕೊನೆಯಿಂದ ಹುಸೇನಮ್ಮನವರ ದನಿ, ವಯಸ್ಸಾದರೂ ಮೊನಚು ಹೋಗದ ದನಿ, ತೇಲಿ ಬಂತು.

"ಅಮ್ಮಾರ! ನಿಮ್ಮ ಎಲಿಗೆ ಬಂತೇನ್ರಿ?"

ರೇಣುಕಾದೇವಿಯವರು ಬರಿ ಎಲೆಯ ಮೇಲೆ ಅಂಗೈ ಇಟ್ಟರು. ಬಿಸಿಲಿಗೆ ಅದು ಬೆಚ್ಚಗಿತ್ತು.

"ಬಂತವ್ವಾ," ಎಂದು ಕೂಗಿ ಹೇಳಿದರು. "ಭಾಳ ಬಂತು. ಹೊಟ್ಟಿ ತುಂಬೇತಿ."

ಸಂಜೆ ಕೊನೆಯ ತೂಬು ಮೊದಲು ತೆರೆಯಿತು.

ಅವರು ನಿವೃತ್ತರಾಗಿರುವುದು ಕಾಲೇಜಿನ ಹಾಜರಿ ಪುಸ್ತಕದಿಂದ ಮಾತ್ರ. ಕಿಟಕಿಯಾಚೆಗಿನ ಆ ಗುಡ್ಡ, ಆ ನದಿ, ಸಮುದ್ರದಾಚೆ ಎದ್ದು ನಿಲ್ಲಬೇಕಾದ ಆ ಇನ್ನೊಂದು ಗುಡ್ಡ, ಇವುಗಳ ಕಡೆಗೆ ಅವರ ಪಯಣ ಇನ್ನು ರಜೆಯ ಹಂಗಿಲ್ಲದೆ ಸಾಗಲಿ. ಬರೆಯಬೇಕೆಂದು ಅವರು ಮುಂದೂಡುತ್ತ ಬಂದ ಪುಸ್ತಕಗಳು ಒಂದೊಂದಾಗಿ ಹೊರಬರಲಿ. ತುಂಗಭದ್ರೆ ಅವರಿಗೆ ತನ್ನಷ್ಟೇ ಉದ್ದದ ಆಯುಷ್ಯವನ್ನು ಕೊಡಲಿ. ಮುಂದಿನ ವರ್ಷ ಏರಿಯ ಮೇಲೆ ಪಂಕ್ತಿ ಕೂರುವಾಗ ಅವರೂ ಬಂದು ಕೂರಲಿ. ನಮ್ಮದೊಂದೇ ಕೋರಿಕೆ, ಆ ದಿನ ಅವರು ತಲೆಯಲ್ಲಿ ಕೂರದೆ, ಜಾಲಿಮರದಾಚೆ ಹುಸೇನಮ್ಮನವರ ಪಕ್ಕ ಕುಳಿತು, ಬಿಸಿಬಿಸಿ ಹುಗ್ಗಿಯನ್ನು ಎಲ್ಲರಿಗಿಂತ ಮೊದಲು ಉಣ್ಣಲಿ.