ವಿಸಿಟರ್, ಗೆಸ್ಟ್ ಮತ್ತು ನಮ್ಮವ್ವ

ಜಯನಗರದ ಶಾಲೆಯೊಂದರಲ್ಲಿ ನಾನು ಏಳನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುತ್ತೇನೆ. ವಿಸಿಟರ್‌ಗೂ ಗೆಸ್ಟ್‌ಗೂ ಏನು ವ್ಯತ್ಯಾಸ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಏನೋ ಕೆಲಸಕ್ಕೆಂದು ಬಂದು ಹೋಗುವವರು ವಿಸಿಟರ್. ನಾವು ಕರೆದು, ಉಣ್ಣಿಸಿ, ಉಳಿಸಿಕೊಳ್ಳುವವರು ಗೆಸ್ಟ್. ಈ ಉತ್ತರದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಅರೆಕೆರೆಯಲ್ಲಿ ಮೂರು ತಿಂಗಳು ಅಲೆದ ಮೇಲೆ ಒಂದು ಬಾಡಿಗೆ ಮನೆ ಸಿಕ್ಕಿತು. ಓನರ್ ಅದೇ ಊರಿನ ಹಳೇ ಒಕ್ಕಲು. ಕಟ್ಟಡ ನಿಂತಿರುವುದು ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. “ವಿಸಿಟರ್ಸ್ ಬಂದ್ ಹೋಗ್ಲಿ ಮೇಡಂ, ಗೆಸ್ಟ್ ಎಲ್ಲಾ ಬೇಡ. ನೀರ್ ಸಾಲಲ್ಲ” ಎನ್ನುತ್ತಾ ಕೀ ಕೊಟ್ಟರು. ಎರಡು ಪದಗಳನ್ನೂ ಎಷ್ಟು ಸರಿಯಾಗಿ ಬಳಸಿದರಲ್ಲ ಎಂದು ಖುಷಿಪಟ್ಟು ತಲೆಯಾಡಿಸಿದೆ. ಟೀಚರ್ ಬುದ್ಧಿಯೇ ಅಷ್ಟು.

ಕಳೆದ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಲು ಧಾರವಾಡದಿಂದ ಅವ್ವ ಬಂದಳು. ಬಸ್ಸಿನಿಂದ ಇಳಿದು ನೇರ ಕ್ಲಿನಿಕ್ಕಿಗೇ ಹೋದೆವು. ಆಪರೇಷನ್ ಆದ ಮೇಲೆ ಡಾಕ್ಟರು, ಹತ್ತು ದಿನ ಪ್ರಯಾಣ ಬೇಡ ಎಂದುಬಿಟ್ಟರು. ಕಪ್ಪು ಕನ್ನಡಕ ಹಾಕಿಕೊಂಡ ಅವ್ವನ ಕೈಹಿಡಿದು ಮೆಟ್ಟಿಲು ಹತ್ತುವಾಗ ಓನರ್ ಎದುರಾದರು. ಅವರು ಕೇಳುವ ಮೊದಲೇ ನನ್ನ ಬಾಯಿಂದ ಬಂತು: “ವಿಸಿಟರ್ ಸಾರ್. ಸಂಜೆ ಹೊರಡ್ತಾರೆ.”

ಬಾಲ್ಕನಿಗೆ ಬರಬೇಡ, ಜೋರಾಗಿ ಮಾತಾಡಬೇಡ ಎಂದು ಅವ್ವನಿಗೂ ಹೇಳಿದೆ.

ಮರುದಿನ ನಾನು ಶಾಲೆಗೆ ಹೋದದ್ದೇ ತಡ, ಊರಿನಿಂದ ಕಟ್ಟಿಕೊಂಡು ಬಂದ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಿಡಿದು ಗೋಡೆ ಸವರುತ್ತಾ ಕೆಳಗಿನ ಓನರ್ ಮನೆಗೆ ಇಳಿದಿದ್ದಾಳೆ. ನಮ್ಮ ಕಡೆಯ ಹೆಂಗಸರು ಪರವೂರಿಗೆ ಹೋದರೆ, ತಂದ ಬುತ್ತಿಯನ್ನು ಅಕ್ಕಪಕ್ಕದವರಿಗೆ ಕೊಡದೆ ತಾವು ಮುಟ್ಟುವುದಿಲ್ಲ. ಅದು ನನಗೆ ಮರೆತೇ ಹೋಗಿತ್ತು.

ಸಂಜೆ ಬಂದಾಗ ಅವ್ವ ಓನರ್ ಮನೆಯ ವರಾಂಡದಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಓನರ್ ಹೆಂಡತಿ ಸೊಪ್ಪು ಬಿಡಿಸುತ್ತಿದ್ದರು, ಎದುರಿಗೆ ಓನರ್ ಅವ್ವನ ರೊಟ್ಟಿಯ ತಟ್ಟೆ ಹಿಡಿದು ಕೂತಿದ್ದರು. ಇನ್ನು ಮನೆ ಖಾಲಿ ಮಾಡುವುದೇ ಎಂದುಕೊಂಡೆ.

“ಅಮ್ಮ ಹತ್ತು ದಿನ ಇರ್ತಾರಂತೆ” ಎಂದರು ಓನರ್.

“ಸಾರ್, ನೀವು ಗೆಸ್ಟ್ ಬೇಡ ಅಂದಿದ್ರಿ...”

“ಗೆಸ್ಟ್ ಬೇಡ ಅಂದೆ. ಹೆತ್ತ ತಾಯಿನ ಕರ್ಕೊಂಡ್ ಬರ್ಬೇಡಿ ಅಂದ್ನಾ ಮೇಡಂ?” ರೊಟ್ಟಿ ಮುರಿಯುತ್ತಲೇ ಹೇಳಿದರು. “ಇರ್ಲಿ ಬಿಡಿ. ಮೋಟರ್ ಇನ್ನೊಂದ್ ಸಲ ಹಾಕಿದ್ರಾಯ್ತು.”

ಮನೆಯೂ ಉಳಿಯಿತು, ಅವ್ವನೂ ಉಳಿದಳು ಎಂದು ಮನಸ್ಸು ಹಗುರಾಯಿತು. ಮೇಲೆ ಬಂದು ಅವಳ ಕಣ್ಣಿಗೆ ಔಷಧದ ಹನಿ ಹಾಕಲು ಕೂತೆ. ಅಂಗಾತ ಮಲಗಿದ್ದವಳು ಮೆಲ್ಲಗೆ ಕೇಳಿದಳು: “ನಿನ್ನೆ ಅವರ ಮುಂದ, ಇಕಿ ನಮ್ಮವ್ವ ಅಂತ ಯಾಕ ಅನ್ನಲಿಲ್ಲ ನೀ?”

“ಮನಿ ಬಿಡಸ್ತಾರಂತ ಹೆದರಿಕಿ ಬಂತು.”

“ಹೆದರಿದ್ರ ಹೆದರು. ನನ್ನ ಅವ್ವ ಅನ್ನಾಕ ಮಾತ್ರ ಯಾರ ಪರ್ಮಿಷನ್ನೂ ಕೇಳಬ್ಯಾಡ.”

ನನಗೆ ನಾಚಿಕೆಯಾಯಿತು. ಹನಿ ಗುರಿ ತಪ್ಪಿ ಅವಳ ಕೆನ್ನೆಯ ಮೇಲೆ ಬಿತ್ತು.

“ಕಣ್ಣಾಗ ಹಾಕವಾ” ಎಂದು ನಕ್ಕಳು.