ಧೂಮಕೇತುವಿಗೆ ಅಡ್ಡ ನಿಂತವರು

“ಮಷೀನ್ ತೆಗೀರಿ ಮೊದ್ಲ! ನನ್ನ ಹೊಲ ಅಳ್ಯಾಕ ಬಂದೀರೇನ್ರಿ?”

ವಾರವಿಡೀ ಮೋಡ ಸರಿಯಲೆಂದು ಕಾದು, ಅಂದು ಸಂಜೆ ಗೊಳಸಂಗಿಯ ಹೊಲವೊಂದರ ಬದುವಿನ ಮೇಲೆ ಅಂದೇ ಕೊನೆಯ ಬಾರಿ ಕಾಣಲಿದ್ದ ಧೂಮಕೇತುವಿನ ಚಿತ್ರಕ್ಕೆಂದು ಕ್ಯಾಮೆರಾ ಹೊಂದಿಸುತ್ತಿದ್ದೆ. ಹೊಲದ ಯಜಮಾನರು ಎರಡೂ ಕೈ ಚಾಚಿ ಎದುರಿಗೇ ನಿಂತುಬಿಟ್ಟರು. ಮೂರು ಕಾಲಿನ ಸ್ಟ್ಯಾಂಡ್ ಕಂಡರೆ ಅವರಿಗೆ ಭೂಸ್ವಾಧೀನದ ಸರ್ವೆಯವರೇ! ಸರ್ವೆಯಲ್ಲ, ಆಕಾಶದ ಬಾಲಚುಕ್ಕಿ ಎಂದು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಕೊನೆಗೆ ಅವರು ತಿರುಗಿ ನೋಡುವಷ್ಟರಲ್ಲಿ ಅದು ಮುಳುಗಿಯೇ ಹೋಗಿತ್ತು.

“ಮತ್ತ ಯಾವಾಗ ಬರ್ತೈತ್ರಿ ಅದು?”

“ಇನ್ನ ಸಾವಿರಾರು ವರ್ಷಕ್ಕ ನೋಡ್ರಿ!” ಎಂದು ರೇಗಿದೆ.

“ಬರ್ಲಿ ತಗೋರಿ. ಹೊಲ ಇಲ್ಲೇ ಇರ್ತೈತಿ.”

ಗಡಿಬಿಡಿಯಲ್ಲಿ ತೆಗೆದ ಒಂದೇ ಚಿತ್ರದಲ್ಲಿ ಧೂಮಕೇತುವಿಲ್ಲ, ಕೈ ಚಾಚಿ ನಿಂತ ಅವರಿದ್ದಾರೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಚಿತ್ರ ಅಳಿಸಲೂ ಮನಸ್ಸಾಗಿಲ್ಲ.